ಮೈಯರಿವು

ಕಳೆದ ವರ್ಷ ಮಳೆಗಾಲದ ಒಂದು ದಿನ ಏಳನೆಯ ತರಗತಿಯಲ್ಲಿ ಪಾಠ ನಡೆಯುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬನು ಡೆಸ್ಕಿನ ಮೇಲೆ ತಲೆಯಿಟ್ಟು ಮುದುಡಿ ಕುಳಿತನು.

“ಏನಪ್ಪಾ, ಏನಾಗುತ್ತಿದೆ?” ಎಂದು ಕೇಳಿದೆ.

“ಪೈನ್ ಆಗ್ತಾ ಉಂಟು ಸರ್.”

“ಎಲ್ಲಿ?”

“ಹೊಟ್ಟೇಲಿ ಸರ್.”

“ಎಂತಹ ನೋವು? ಉರಿಯೇ, ನುಲಿತವೇ, ಚುಚ್ಚಿದಂತಾಗುತ್ತದೆಯೇ?”

ಹುಡುಗನು ಸ್ವಲ್ಪ ಹೊತ್ತು ಯೋಚಿಸಿದನು. “ಪೈನ್ ಸರ್” ಎಂದನು.

ಆಗ ನನಗೆ ತೋಚಿದ ಉಪಾಯವೆಂದರೆ ಓಮದ ನೀರು. ಅದನ್ನು ಕುಡಿಸಿ, ಅಧ್ಯಾಪಕರ ಕೊಠಡಿಯ ಬೆಂಚಿನ ಮೇಲೆ ಮಲಗಿಸಿ, ಶಾಲೆ ಬಿಟ್ಟ ಮೇಲೆ ಅವನ ಅಕ್ಕನ ಜೊತೆಗೆ ಮನೆಗೆ ಕಳುಹಿಸಿದೆ. ರಾತ್ರಿ ಹತ್ತು ಗಂಟೆಗೆ ಅವನನ್ನು ಆಸ್ಪತ್ರೆಗೆ ಸೇರಿಸಿದ ಸುದ್ದಿ ಬಂದಿತು. ದೊಡ್ಡ ಕರುಳಿನ ಮೊದಲ ಭಾಗಕ್ಕೆ ಬೆರಳಿನಂತೆ ಅಂಟಿಕೊಂಡಿರುವ ಅಪೆಂಡಿಕ್ಸ್ ಎಂಬ ಚಿಕ್ಕ ಅಂಗವು ಬಾತುಕೊಂಡಿತ್ತು. ಅದೇ ರಾತ್ರಿ ಶಸ್ತ್ರಚಿಕಿತ್ಸೆಯಾಯಿತು. ಹುಡುಗನು ಗುಣಹೊಂದಿ ಈಗ ಎಂಟನೆಯ ತರಗತಿಯಲ್ಲಿದ್ದಾನೆ. ಎಲ್ಲರಿಗಿಂತ ಹೆಚ್ಚು ಗಲಾಟೆಯನ್ನೂ ಮಾಡುತ್ತಾನೆ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಆಸ್ಪತ್ರೆಯಲ್ಲಿ ವೈದ್ಯರು ಕೇಳಿದ ಮೊದಲ ಪ್ರಶ್ನೆ, ನೋವು ಎಲ್ಲಿ ಆರಂಭವಾಯಿತು ಎಂಬುದು. ಅಪೆಂಡಿಕ್ಸಿನ ನೋವು ಅನೇಕ ವೇಳೆ ಮೊದಲು ಹೊಕ್ಕುಳಿನ ಸುತ್ತ ಮಂದವಾಗಿ ಕಾಣಿಸಿಕೊಳ್ಳುತ್ತದೆ. ಹಸಿವು ಹೋಗುತ್ತದೆ, ಹೊಟ್ಟೆ ತೊಳಸುತ್ತದೆ. ಕೆಲವು ಗಂಟೆಗಳ ನಂತರ ನೋವು ಬಲಗಡೆಯ ಕಿಬ್ಬೊಟ್ಟೆಗೆ ಸರಿದು ತೀಕ್ಷ್ಣವಾಗುತ್ತದೆ. ಕರುಳಿನ ನರಗಳು ಮೆದುಳಿಗೆ ತಲುಪಿಸುವ ಸುದ್ದಿ ಅಸ್ಪಷ್ಟವಾದದ್ದು, ಊರ ಹೆಸರಿಲ್ಲದ ಕಾಗದದ ಹಾಗೆ. ಬಾವು ಹೆಚ್ಚಿ ಹೊಟ್ಟೆಯ ಒಳಗೋಡೆಯ ಪೊರೆಯನ್ನು ಮುಟ್ಟಿದಾಗ ಮಾತ್ರ ವಿಳಾಸವು ಸ್ಪಷ್ಟವಾಗುತ್ತದೆ. ಈ ನೋವಿನ ನಡಿಗೆಯೇ ವೈದ್ಯರಿಗೆ ದೊಡ್ಡ ಸುಳಿವು. ‘ನಿನ್ನೆ ಸಂಜೆ ಹೊಕ್ಕುಳಿನ ಹತ್ತಿರ ಹಿಂಡಿದಂತಿತ್ತು, ಈಗ ಇಲ್ಲಿ ಬಲಕ್ಕೆ ಚುಚ್ಚುತ್ತದೆ’ ಎಂಬ ಒಂದು ವಾಕ್ಯವನ್ನು ಹುಡುಗನು ಆಡಿದ್ದರೆ, ಬಹುಶಃ ನಾನು ಓಮದ ಡಬ್ಬಿಯನ್ನು ಹುಡುಕುವ ಬದಲು ಮಧ್ಯಾಹ್ನವೇ ಅವನನ್ನು ವೈದ್ಯರ ಬಳಿಗೆ ಕರೆದೊಯ್ಯುತ್ತಿದ್ದೆ. ತಪ್ಪು ಅವನದಲ್ಲ. ಮನೆಯಲ್ಲಿ ತುಳು, ಬೀದಿಯಲ್ಲಿ ಹಿಂದಿ, ಬಸ್ಸಿನಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ. ಇಷ್ಟು ಭಾಷೆಗಳನ್ನು ಬಲ್ಲ ಮುಂಬಯಿಯ ಹುಡುಗನಿಗೆ ತನ್ನ ಹೊಟ್ಟೆಯ ವಿಷಯ ಹೇಳಲು ಒಂದೇ ಒಂದು ಪದ ಉಳಿದಿತ್ತು. ಅದನ್ನು ಕಲಿಸದೆ ಇದ್ದವರು ನಾವು, ಹಿರಿಯರು.

ಅಂದಿನಿಂದ ನನ್ನ ತರಗತಿಯಲ್ಲಿ ದಿನಕ್ಕೆ ಐದು ನಿಮಿಷ ಒಂದು ಅಭ್ಯಾಸ ನಡೆಯುತ್ತಿದೆ. ಮಕ್ಕಳು ಅದಕ್ಕೆ ‘ಮೈಯರಿವು’ ಎಂದು ಹೆಸರಿಟ್ಟಿದ್ದಾರೆ. ಮೈಮರೆವು ಎಂಬ ಮಾತು ನಮ್ಮಲ್ಲಿ ಹಳೆಯದು. ಅದಕ್ಕೆ ಇದು ಜೊತೆ. ಕಣ್ಣುಮುಚ್ಚಿ ಕುಳಿತು ನಾವೇನು ಮಂತ್ರ ಜಪಿಸುತ್ತೇವೆಯೇ ಎಂದು ಬೇರೆ ತರಗತಿಯವರು ಕೇಳಿದ್ದುಂಟು. ಆದುದರಿಂದ ಅದೇನು, ಏಕೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಇಂದ್ರಿಯಗಳು ಐದು ಎಂದು ನೀವು ಓದಿದ್ದೀರಿ. ಅದು ತಪ್ಪಲ್ಲ, ಅಪೂರ್ಣ. ಕಣ್ಣು, ಕಿವಿ, ಮೂಗು, ನಾಲಗೆ, ಚರ್ಮ ಇವು ಹೊರಗಿನ ಸುದ್ದಿಯನ್ನು ತರುವಂಥವು. ಆದರೆ ಹಸಿವು ಯಾವ ಇಂದ್ರಿಯಕ್ಕೆ ಗೋಚರ? ಬಾಯಾರಿಕೆ? ಎದೆಯ ಡವಡವ? ಕತ್ತಲೆಯಲ್ಲಿಯೂ ನಿಮ್ಮ ಬಲಗೈ ಎಲ್ಲಿದೆಯೆಂದು ನಿಮಗೆ ತಿಳಿಯುತ್ತದಲ್ಲ, ಅದು ಹೇಗೆ? ೧೯೦೬ರಲ್ಲಿ ಇಂಗ್ಲೆಂಡಿನ ಶರೀರವಿಜ್ಞಾನಿ ಚಾರ್ಲ್ಸ್ ಷೆರಿಂಗ್ಟನ್ ಅವರು ತಮ್ಮ ಪ್ರಸಿದ್ಧ ಗ್ರಂಥದಲ್ಲಿ ನರಗಳು ತರುವ ಸುದ್ದಿಯನ್ನು ಮೂರಾಗಿ ವಿಂಗಡಿಸಿದರು: ಹೊರಗಿನ ಲೋಕದ್ದು, ಒಳ ಅಂಗಗಳದ್ದು, ಮತ್ತು ಸ್ನಾಯು ಸಂದುಗಳು ತಮ್ಮ ನಿಲುವಿನ ವಿಷಯವಾಗಿ ತಾವೇ ಕೊಡುವ ವರದಿ. ೧೯೩೨ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಈ ಮೂರನೆಯದರ ಬೆಲೆಯನ್ನು ತಿಳಿಯಬೇಕಾದರೆ ಅದನ್ನು ಕಳೆದುಕೊಂಡವರ ಕಥೆಯನ್ನು ಕೇಳಬೇಕು. ಇಯಾನ್ ವಾಟರ್‌ಮನ್ ಎಂಬ ಬ್ರಿಟಿಷ್ ತರುಣನಿಗೆ ೧೯೭೧ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಜ್ವರದಂತಹ ಒಂದು ಕಾಯಿಲೆ ಬಂದಿತು. ಆ ಬಳಿಕ ಕುತ್ತಿಗೆಯಿಂದ ಕೆಳಗೆ ಸ್ಪರ್ಶದ ಅರಿವೂ ಅಂಗಗಳ ನಿಲುವಿನ ಅರಿವೂ ಅವರಿಗೆ ಇಲ್ಲವಾದವು. ಸ್ನಾಯುಗಳಲ್ಲಿ ಬಲವಿತ್ತು, ಬಿಸಿ ತಂಪು ತಿಳಿಯುತ್ತಿತ್ತು, ನೋವೂ ತಿಳಿಯುತ್ತಿತ್ತು. ಆದರೆ ಕೈಯೆತ್ತಿದರೆ ಅದು ಎಲ್ಲಿ ಹೋಯಿತೆಂಬುದೇ ತಿಳಿಯದು. ಹಾಸಿಗೆಯಲ್ಲಿ ಎದ್ದು ಕುಳಿತುಕೊಳ್ಳುವುದನ್ನೇ ಅವರು ಮತ್ತೆ ಕಲಿಯಬೇಕಾಯಿತು. ತಿಂಗಳುಗಟ್ಟಲೆ ಶ್ರಮಿಸಿ, ಪ್ರತಿಯೊಂದು ಚಲನೆಯನ್ನೂ ಕಣ್ಣಿನಿಂದ ನೋಡುತ್ತ, ಯೋಚಿಸಿ ಯೋಚಿಸಿ, ಅವರು ನಡೆಯುವುದನ್ನು ಸಾಧಿಸಿದರು. ದೀಪ ಆರಿದರೆ ಮಾತ್ರ ಕುಸಿದು ಬೀಳುತ್ತಿದ್ದರು. ನಾವು ಮಾತನಾಡುತ್ತ, ಬೋಂಡ ತಿನ್ನುತ್ತ, ಎದುರು ಬಂದವನಿಗೆ ಕೈಬೀಸುತ್ತ ರೈಲ್ವೆ ಸೇತುವೆಯ ಮೆಟ್ಟಿಲುಗಳನ್ನು ಇಳಿಯುತ್ತೇವೆ. ಆ ಮನುಷ್ಯನಿಗೆ ಒಂದೊಂದು ಮೆಟ್ಟಿಲೂ ಒಂದೊಂದು ಲೆಕ್ಕವಾಗಿತ್ತು. ಡಾಕ್ಟರ್ ಜೊನಾಥನ್ ಕೋಲ್ ಅವರು ಈ ಸಾಹಸವನ್ನು ೧೯೯೧ರಲ್ಲಿ ಪುಸ್ತಕವಾಗಿ ಬರೆದರು.

ಇಷ್ಟು ದೊಡ್ಡ ಉಪಕಾರವು ನಮಗೆ ಏಕೆ ಕಾಣುವುದಿಲ್ಲ? ನಾವು ಕೃತಘ್ನರೆಂದಲ್ಲ. ನರಗಳ ಸ್ವಭಾವವೇ ಹಾಗೆ. ಬೆಳಿಗ್ಗೆ ಅಂಗಿ ತೊಟ್ಟ ಕ್ಷಣದಲ್ಲಿ ಅದು ಬೆನ್ನಿಗೆ ತಗಲಿದ್ದು ತಿಳಿಯುತ್ತದೆ; ಸ್ವಲ್ಪ ಹೊತ್ತಿಗೆ ಅಂಗಿಯಿರುವುದೇ ಮರೆತುಹೋಗುತ್ತದೆ. ಬದಲಾಗದೆ ಇರುವ ಸುದ್ದಿಯನ್ನು ಚರ್ಮದ ನರಗಳು ಮತ್ತೆ ಮತ್ತೆ ಕಳುಹಿಸುವುದಿಲ್ಲ, ಮೆದುಳು ಅದನ್ನು ಕೇಳಿಸಿಕೊಳ್ಳುವುದೂ ಇಲ್ಲ. ಹಾಗಿಲ್ಲದಿದ್ದರೆ ಅಂಗಿ, ಚಪ್ಪಲಿ, ಕೈಗಡಿಯಾರ, ಬೆಂಚು ಎಲ್ಲವೂ ದಿನವಿಡೀ ಕೂಗುತ್ತಿದ್ದವು. ಗಣಿತದ ಒಂದು ಸಮಸ್ಯೆಯನ್ನೂ ಬಿಡಿಸಲಾಗುತ್ತಿರಲಿಲ್ಲ. ಇದು ಒಳ್ಳೆಯ ವ್ಯವಸ್ಥೆಯೇ. ಆದರೆ ಇದರಿಂದ ಒಂದು ನಷ್ಟವುಂಟು: ಕೆಟ್ಟಾಗ ಮಾತ್ರ ಅಂಗವು ನೆನಪಾಗುತ್ತದೆ. ನೋಯುವ ಹಲ್ಲು ಒಂದಿದ್ದರೆ ನೋಯದ ಇಪ್ಪತ್ತೇಳು ಹಲ್ಲುಗಳ ಸುದ್ದಿಯೇ ಇಲ್ಲ. ತಾನಾಗಿ ಬಾರದ ಆ ಸುದ್ದಿಯನ್ನು ನಾವಾಗಿ ಹೋಗಿ ವಿಚಾರಿಸಬೇಕು. ಕೃತಜ್ಞತೆಗೂ ಮೈಯರಿವಿಗೂ ಇರುವ ಸಂಬಂಧ ಇಷ್ಟೆ.

ಉಸಿರನ್ನೇ ತೆಗೆದುಕೊಳ್ಳಿ. ಮನುಷ್ಯನು ದಿನಕ್ಕೆ ೨೧,೬೦೦ ಬಾರಿ ಉಸಿರಾಡುತ್ತಾನೆಂದು ನಮ್ಮ ಹಳೆಯ ಯೋಗಗ್ರಂಥಗಳು ಹೇಳುತ್ತವೆ. ಭಾಗಾಕಾರ ಮಾಡಿ ನೋಡಿದರೆ ನಿಮಿಷಕ್ಕೆ ೧೫ ಆಗುತ್ತದೆ. ವಯಸ್ಕರು ಸುಮ್ಮನಿದ್ದಾಗ ನಿಮಿಷಕ್ಕೆ ೧೨ರಿಂದ ೨೦ ಎಂದು ಇಂದಿನ ವೈದ್ಯರೂ ಎಣಿಸುತ್ತಾರೆ. ಹೃದಯದ ಬಡಿತ ದಿನಕ್ಕೆ ಸುಮಾರು ಒಂದು ಲಕ್ಷ. ಇದರಲ್ಲಿ ಒಂದನ್ನಾದರೂ ನೀವು ಇಂದು ಗಮನಿಸಿದಿರಾ? ಒಂದು ಆಟವನ್ನು ಹೇಳುತ್ತೇನೆ. ಸುಮ್ಮನೆ ಕುಳಿತು, ನಾಡಿಯನ್ನು ಮುಟ್ಟದೆ, ಒಳಗಿನಿಂದ ತಿಳಿದಷ್ಟು ಬಡಿತಗಳನ್ನು ಅರ್ಧ ನಿಮಿಷ ಎಣಿಸಿರಿ. ಅದೇ ಹೊತ್ತಿನಲ್ಲಿ ಗೆಳೆಯನು ನಿಮ್ಮ ಮಣಿಕಟ್ಟಿನ ನಾಡಿಯನ್ನು ಎಣಿಸಲಿ. ಎರಡು ಸಂಖ್ಯೆಗಳನ್ನು ಹೋಲಿಸಿರಿ. ಒಳಗಿನ ಅರಿವನ್ನು ಅಳೆಯಲು ಮನೋವಿಜ್ಞಾನಿಗಳು ೧೯೮೦ರ ದಶಕದಿಂದ ಇಂತಹ ಪರೀಕ್ಷೆಯನ್ನೇ ಬಳಸುತ್ತಿದ್ದಾರೆ. ನನ್ನ ಎಣಿಕೆ ೨೨, ಗೆಳೆಯರ ಎಣಿಕೆ ೩೮! ವಿದ್ಯಾರ್ಥಿಗಳು ನಕ್ಕರು.

ಇನ್ನು ಹೆಸರುಗಳ ಮಾತು. ಇಲ್ಲಿ ಕನ್ನಡದ ಭಂಡಾರವು ಎಷ್ಟು ತುಂಬಿದೆಯೆಂಬುದನ್ನು ನಾನೇ ಈ ಅಭ್ಯಾಸದಿಂದ ಕಲಿತೆ. ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕುಳಿತರೆ ಕಾಲಿಗೆ ಜೋಮು ಹಿಡಿಯುತ್ತದೆ. ಮಂಜುಗಡ್ಡೆ ಹಿಡಿದ ಬೆರಳು ಮರಗಟ್ಟುತ್ತದೆ; ಮರವಾಗಿ ಹೋಯಿತು ಎಂಬ ಕಲ್ಪನೆ ನೋಡಿರಿ. ಉಗುರಿಗಷ್ಟೇ ತಗಲುವ ಬಿಸಿಗೆ ಉಗುರುಬೆಚ್ಚಗೆ ಎನ್ನುತ್ತೇವೆ. ಒಲೆಯಿಂದ ಬರುವುದು ಝಳ, ಮೇ ತಿಂಗಳ ಮುಂಬಯಿಯದು ಸೆಕೆ, ಗಾಳಿ ನಿಂತ ರೈಲಿನ ಡಬ್ಬಿಯದು ಧಗೆ. ಮೂರೂ ಬೇರೆ ಬೇರೆ. ಎಳೆಯ ನೆಲ್ಲಿಕಾಯಿ ಒಗರು. ಹಸಿವಾದರೆ ಹೊಟ್ಟೆ ಚುರುಗುಟ್ಟುತ್ತದೆ, ಇನ್ನೂ ಹಸಿದರೆ ತಾಳ ಹಾಕುತ್ತದೆ. ತಲೆ ಧಿಮ್ಮೆನ್ನುತ್ತದೆ, ಕಿವಿ ಗುಯ್‌ಗುಟ್ಟುತ್ತದೆ, ಎದೆ ಝಲ್ಲೆನ್ನುತ್ತದೆ, ಕರುಳು ಚುರ್ರೆನ್ನುತ್ತದೆ. ನೋವೊಂದಕ್ಕೇ ಉರಿ, ಸಿಡಿತ, ಸೆಳೆತ, ನುಲಿತ, ತಿವಿತ, ಚಳುಕು ಎಂದು ಎಷ್ಟು ಬಗೆ! ‘ಪೈನ್’ ಎಂಬ ಒಂದೇ ಗೋಣಿಯಲ್ಲಿ ಇವನ್ನೆಲ್ಲ ತುಂಬಿದರೆ ಬೇಕಾದದ್ದು ಕೈಗೆ ಸಿಗುವುದು ಹೇಗೆ? (ಇಂಗ್ಲಿಷಿನಲ್ಲಿಯೂ ನೋವಿಗೆ ಅನೇಕ ಪದಗಳಿವೆ. ನಮ್ಮ ಮಕ್ಕಳು ಅದರಿಂದ ತಂದದ್ದು ಒಂದನ್ನೇ.)

ಈ ಹೆಸರುಗಳು ಬರಿಯ ಅಲಂಕಾರವಲ್ಲ, ಶರೀರದ ನಿಜವನ್ನೇ ಹೇಳುತ್ತವೆ. ಕಾಲ ಹೆಬ್ಬೆರಳು ಹೊಸ್ತಿಲಿಗೆ ಎಡವಿದಾಗ ಏನಾಗುತ್ತದೆಂದು ನೆನಪಿಸಿಕೊಳ್ಳಿ. ಮೊದಲು ಚುಳ್ಳೆಂದು ಒಂದು ನೋವು. ಒಂದು ಕ್ಷಣದ ಬಳಿಕ ನಿಧಾನವಾಗಿ ಏಳುವ ಉರಿ ಮತ್ತೊಂದು. ನೋವಿನ ಸುದ್ದಿಯನ್ನು ಒಯ್ಯುವ ನರತಂತುಗಳು ಎರಡು ಬಗೆ. ತೆಳ್ಳಗಿನ ಹೊದಿಕೆಯುಳ್ಳವು ಸೆಕೆಂಡಿಗೆ ೫ರಿಂದ ೩೦ ಮೀಟರುಗಳಷ್ಟು ವೇಗವಾಗಿಯೂ, ಹೊದಿಕೆಯಿಲ್ಲದ ಸಣ್ಣವು ಸೆಕೆಂಡಿಗೆ ಸುಮಾರು ಒಂದೇ ಮೀಟರಿನಷ್ಟು ನಿಧಾನವಾಗಿಯೂ ಸುದ್ದಿಯನ್ನು ಒಯ್ಯುತ್ತವೆ. ಹೆಬ್ಬೆರಳು ಮೆದುಳಿನಿಂದ ದೂರ. ಆದ್ದರಿಂದ ಎರಡರ ನಡುವಿನ ಅಂತರ ನಮಗೆ ಸ್ಪಷ್ಟವಾಗಿ ತಿಳಿಯುತ್ತದೆ. ಎಡವಿದ ಬೆರಳನ್ನು ಒಡನೆಯೇ ಕೈಯಿಂದ ಒತ್ತಿ ಹಿಡಿಯುತ್ತೇವಲ್ಲ, ಅದಕ್ಕೂ ಕಾರಣವಿದೆ. ಒತ್ತುವ ಸ್ಪರ್ಶದ ಸುದ್ದಿಯು ಬೆನ್ನುಹುರಿಯಲ್ಲಿ ನೋವಿನ ಸುದ್ದಿಯನ್ನು ಕುಗ್ಗಿಸುತ್ತದೆಂದು ೧೯೬೫ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ಪ್ರತಿಪಾದಿಸಿದರು. ಮಗು ಬಿದ್ದು ಅತ್ತಾಗ ತಾಯಿ ಉಜ್ಜುವುದು ಸುಮ್ಮನೆ ಅಲ್ಲ.

ಮೆಣಸಿನಕಾಯಿಯ ಕಥೆ ಇನ್ನೂ ಸೊಗಸಾದದ್ದು. ಖಾರ ತಿಂದಾಗ ಬಾಯಿ ಉರಿಯಿತು ಎನ್ನುತ್ತೇವೆ. ಆದರೆ ಬೆಂಕಿ ಎಲ್ಲಿದೆ? ಅಮೆರಿಕದ ಡೇವಿಡ್ ಜೂಲಿಯಸ್ ಅವರೂ ಸಂಗಡಿಗರೂ ೧೯೯೭ರಲ್ಲಿ ಇದಕ್ಕೆ ಉತ್ತರವನ್ನು ಕಂಡುಹಿಡಿದರು. ನರದ ತುದಿಯಲ್ಲಿರುವ ಒಂದು ಸೂಕ್ಷ್ಮವಾದ ಬಾಗಿಲು ಸುಮಾರು ೪೩ ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ತೆರೆಯುತ್ತದೆ. ಮೆಣಸಿನಕಾಯಿಯ ಸಾರವೂ ಅದೇ ಬಾಗಿಲನ್ನು ತೆರೆಯುತ್ತದೆ. ಮೆದುಳಿಗೆ ಎರಡೂ ಒಂದೇ ಸುದ್ದಿ. ಹಾಗಾಗಿ ‘ಉರಿ’ ಎಂದ ನಮ್ಮ ಅಜ್ಜಿಯಂದಿರ ಮಾತು ಅಕ್ಷರಶಃ ಸರಿ. ಪುದೀನ ತಣ್ಣಗೆನಿಸುವುದೂ ಹೀಗೆಯೇ, ಅದು ತಂಪಿನ ಬಾಗಿಲನ್ನು ತಟ್ಟುತ್ತದೆ. ಒತ್ತಡವನ್ನು ಅರಿಯುವ ಬಾಗಿಲುಗಳನ್ನು ೨೦೧೦ರಲ್ಲಿ ಗುರುತಿಸಿದವರು ಆರ್ಡೆಮ್ ಪಟಪೂಟಿಯನ್; ಲೆಬನಾನಿನ ಬೈರೂತಿನಲ್ಲಿ ಹುಟ್ಟಿ, ತರುಣರಾಗಿದ್ದಾಗ ಊರು ಬಿಟ್ಟು ಅಮೆರಿಕಕ್ಕೆ ಹೋದವರು. ಇವರಿಬ್ಬರಿಗೂ ೨೦೨೧ರ ನೊಬೆಲ್ ಪಾರಿತೋಷಕವು ಕೂಡಿ ದೊರೆಯಿತು. ಕೆನ್ನೆಗೆ ಗಾಳಿ ತಗಲಿದ್ದು ತಿಳಿಯುವ ಬಗೆಯು ನಮ್ಮ ಕಾಲದವರೆಗೂ ರಹಸ್ಯವಾಗಿತ್ತೆಂದರೆ ಆಶ್ಚರ್ಯವಲ್ಲವೆ?

ದೇಹದಂತೆ ಭಾವಕ್ಕೂ ಈ ಹೆಸರುಗಳು ಅನ್ವಯಿಸುತ್ತವೆ. ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಎಂಟು ಸಾತ್ತ್ವಿಕ ಭಾವಗಳನ್ನು ಎಣಿಸಿದ್ದಾರೆ: ಸ್ತಬ್ಧವಾಗುವುದು, ಬೆವರುವುದು, ರೋಮಾಂಚ, ಸ್ವರ ಒಡೆಯುವುದು, ನಡುಕ, ಬಣ್ಣಗೆಡುವುದು, ಕಣ್ಣೀರು, ಮೂರ್ಛೆ. ಎಂಟೂ ದೇಹದ ಮೇಲೆಯೇ ಕಾಣುವಂಥವು. ಅಮೆರಿಕದ ತತ್ತ್ವಜ್ಞಾನಿ ವಿಲಿಯಂ ಜೇಮ್ಸ್ ೧೮೮೪ರಲ್ಲಿ ಇನ್ನೂ ಮುಂದೆ ಹೋಗಿ, ಹೆದರಿಕೆಯಿಂದ ನಡುಗುವುದಲ್ಲ, ನಡುಗುವುದನ್ನು ಅರಿಯುವುದೇ ಹೆದರಿಕೆ ಎಂಬ ಅರ್ಥದ ವಾದವನ್ನು ಹೂಡಿದರು. ಆ ವಾದವನ್ನು ಇಡಿಯಾಗಿ ಇಂದು ಒಪ್ಪುವವರು ಕಡಿಮೆ. ಆದರೆ ದೇಹದ ಸುದ್ದಿಗೂ ಭಾವಕ್ಕೂ ನಿಕಟವಾದ ಸಂಬಂಧವಿದೆಯೆಂಬ ಅಂಶ ನಿಂತಿದೆ.

ಹೆಸರಿಡುವುದರಿಂದ ಭಯ ತಗ್ಗುತ್ತದೆಯೆ? ಇದನ್ನು ಪರೀಕ್ಷಿಸಿದವರಿದ್ದಾರೆ. ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾನಿಲಯವೊಂದರಲ್ಲಿ ಮ್ಯಾಥ್ಯೂ ಲೀಬರ್‌ಮನ್ ಮೊದಲಾದವರು, ಮುಖಚಿತ್ರಗಳಲ್ಲಿ ಕಾಣುವ ಭಾವವನ್ನು ಮಾತಿನಲ್ಲಿ ಹೆಸರಿಸಿದಾಗ ಮೆದುಳಿನಲ್ಲಿ ಭಯಕ್ಕೆ ಸಂಬಂಧಿಸಿದ ಭಾಗದ ಚಟುವಟಿಕೆ ಇಳಿಯುತ್ತದೆಂದು ೨೦೦೭ರಲ್ಲಿ ಪ್ರಕಟಿಸಿದರು. ೨೦೧೨ರಲ್ಲಿ ಅದೇ ಗುಂಪಿನವರು ಜೇಡನಿಗೆ ಹೆದರುವ ಜನರನ್ನು ಜೀವಂತವಾದ ದೊಡ್ಡ ಜೇಡನ ಮುಂದೆ ತಂದು ನಿಲ್ಲಿಸಿದರು! ಕೆಲವರು ತಮ್ಮ ಹೆದರಿಕೆಯನ್ನು ಇದ್ದಂತೆ ಬಾಯಿಬಿಟ್ಟು ಹೇಳಬೇಕು. ಕೆಲವರು ‘ಇದೇನೂ ಮಾಡದು’ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳಬೇಕು. ಇನ್ನು ಕೆಲವರು ಬೇರೆ ಏನನ್ನೋ ಮಾತನಾಡಬೇಕು. ವಾರದ ಬಳಿಕ ಮತ್ತೆ ಜೇಡನ ಮುಂದೆ ಬಂದಾಗ, ಹೆದರಿಕೆಯನ್ನು ಇದ್ದಂತೆ ಹೇಳಿದವರ ಕೈ ಉಳಿದವರಷ್ಟು ಬೆವರಲಿಲ್ಲ. ‘ಹೆದರಬೇಡ’ ಎಂದು ಮಕ್ಕಳಿಗೆ ಹೇಳುವ ನಮ್ಮಂತಹ ಉಪಾಧ್ಯಾಯರು ಈ ಫಲಿತಾಂಶವನ್ನು ಸ್ವಲ್ಪ ಯೋಚಿಸಬೇಕು. ‘ಏನಾಗುತ್ತಿದೆ, ಹೇಳು’ ಎಂಬುದು ಮೇಲಾದ ಮಾತೆಂದು ತೋರುತ್ತದೆ.

ಅನುಭವವನ್ನು ಇದ್ದಂತೆ ಗಮನಿಸುವ ವಿದ್ಯೆ ಪ್ರಯೋಗಶಾಲೆಗಿಂತ ಬಹಳ ಹಿಂದಿನದು. ಬೌದ್ಧರ ಸತಿಪಟ್ಠಾನ ಸುತ್ತದಲ್ಲಿ ಇಂತಹ ಅನುಭವಕ್ಕೆ ‘ವೇದನಾ’ ಎಂಬ ಹೆಸರು. ನಾವು ಈಗ ವೇದನೆಯೆಂದರೆ ನೋವೆಂದಷ್ಟೇ ತಿಳಿಯುತ್ತೇವೆ. ಅಲ್ಲಿ ಅದು ಮೂರು ಬಗೆ: ಹಿತವಾದದ್ದು, ಅಹಿತವಾದದ್ದು, ಎರಡೂ ಅಲ್ಲದ್ದು. ಬರ್ಮಾದಲ್ಲಿ ಮಹಾಸಿ ಸಯಾಡೊ ಎಂಬ ಭಿಕ್ಷುಗಳು ಇಪ್ಪತ್ತನೆಯ ಶತಮಾನದಲ್ಲಿ, ಉಂಟಾದ ಅನುಭವವನ್ನು ಮನಸ್ಸಿನಲ್ಲಿ ಮೆಲ್ಲನೆ ಹೆಸರಿಸುವ ಕ್ರಮವನ್ನು ಬಹುಜನರಿಗೆ ಕಲಿಸಿದರು. ನಮ್ಮ ಮುಂಬಯಿಗೂ ಈ ವಿದ್ಯೆಗೂ ಒಂದು ನಂಟುಂಟು. ಬರ್ಮಾದ ಮಂಡಾಲೆಯಲ್ಲಿ ಹುಟ್ಟಿದ ವ್ಯಾಪಾರಿ ಸತ್ಯನಾರಾಯಣ ಗೋಯೆಂಕಾ ಅವರು, ತಮ್ಮ ಅಸಹನೀಯವಾದ ತಲೆನೋವಿನ ನಿಮಿತ್ತದಿಂದ ಅಲ್ಲಿ ವಿಪಶ್ಯನವನ್ನು ಕಲಿತು, ೧೯೬೯ರಲ್ಲಿ ಭಾರತಕ್ಕೆ ಬಂದು ಮೊದಲ ಶಿಬಿರವನ್ನು ಈ ನಗರದಲ್ಲಿಯೇ ನಡೆಸಿದರು. ಅವರ ಕ್ರಮದಲ್ಲಿ ಹೆಸರಿಸುವುದಿಲ್ಲ, ಸುಮ್ಮನೆ ನೋಡುತ್ತಾರೆ. ಗೊರಾಯಿಯಲ್ಲಿ ಸಮುದ್ರದಂಚಿಗೆ ಕಾಣುವ ಹೊಂಬಣ್ಣದ ದೊಡ್ಡ ಪಗೋಡವನ್ನು ನೀವು ನೋಡಿರಬಹುದು. ೨೦೦೯ರಲ್ಲಿ ಉದ್ಘಾಟನೆಯಾದ ಅದು ಅವರ ಪ್ರಯತ್ನದ್ದೇ. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ಜಾನ್ ಕಬಟ್-ಜಿನ್ ಎಂಬವರು ೧೯೭೯ರಿಂದ, ಪಾದದಿಂದ ನೆತ್ತಿಯವರೆಗೆ ಗಮನವನ್ನು ಒಯ್ಯುವ ಅಭ್ಯಾಸವನ್ನು ದೀರ್ಘಕಾಲದ ನೋವುಳ್ಳ ರೋಗಿಗಳಿಗೆ ಕಲಿಸತೊಡಗಿದರು.

ನಮ್ಮ ಐದು ನಿಮಿಷಗಳ ಕ್ರಮ ಇವೆಲ್ಲಕ್ಕಿಂತ ಸರಳ. ಅದಕ್ಕೆ ಆಸನವೂ ಬೇಡ, ಮೌನವ್ರತವೂ ಬೇಡ. ಬೆಂಚಿನ ಮೇಲೆ ಕುಳಿತು ಎರಡು ಪಾದಗಳನ್ನೂ ನೆಲಕ್ಕೆ ಊರಿ, ನೆಲವು ಪಾದಗಳನ್ನು ಒತ್ತುವುದನ್ನು ಮೊದಲು ಗಮನಿಸುತ್ತೇವೆ. ಕಣ್ಣು ಮುಚ್ಚಬೇಕೆಂಬ ನಿಯಮವಿಲ್ಲ. ಅನಂತರ ಮೇಲಕ್ಕೆ ಬರುತ್ತ, ತಿಳಿದದ್ದಕ್ಕೆ ಒಂದೊಂದು ಕನ್ನಡದ ಹೆಸರನ್ನು ಇಡುತ್ತೇವೆ. ಹಿಮ್ಮಡಿಯಲ್ಲಿ ಸಾಕ್ಸಿನ ಒದ್ದೆ, ಮೊಣಕಾಲಿನಲ್ಲಿ ನವೆ, ಹೊಟ್ಟೆಯಲ್ಲಿ ಬೆಳಗಿನ ಉಪ್ಪಿಟ್ಟಿನ ಭಾರ, ಬೆವರಿದ ಕತ್ತಿಗೆ ಫ್ಯಾನಿನ ಗಾಳಿಯ ತಂಪು, ಮೂಗಿನ ಹೊಳ್ಳೆಯಲ್ಲಿ ಒಳಬರುವ ಉಸಿರು ತಣ್ಣಗೆ, ಹೊರಹೋಗುವ ಉಸಿರು ಬೆಚ್ಚಗೆ. ಹೆಸರು ಸಿಗದಿದ್ದರೆ ‘ಇಂತಹದರ ಹಾಗೆ’ ಎಂದರೆ ಸಾಕು. ಕೊನೆಯಲ್ಲಿ, ಹಿತವಾದ ಅಥವಾ ತೊಂದರೆ ಕೊಡದೆ ಸುಮ್ಮನಿರುವ ಒಂದನ್ನು ಆರಿಸಿ, ಅದು ಯಾರಿಂದ ಬಂದಿತೆಂದು ಯೋಚಿಸಿ, ಪುಸ್ತಕದಲ್ಲಿ ಒಂದು ಸಾಲು ಬರೆಯುತ್ತೇವೆ.

“ಯಾರಿಗೆ ಥ್ಯಾಂಕ್ಸ್ ಹೇಳಬೇಕು ಸರ್?” ಎಂದು ಹುಡುಗಿಯೊಬ್ಬಳು ಮೊದಲ ದಿನವೇ ಕೇಳಿದಳು. ಒಳ್ಳೆಯ ಪ್ರಶ್ನೆ. ಮನೆಯಲ್ಲಿ ದೇವರನ್ನು ನೆನೆಯುವವರು ದೇವರಿಗೆ ಹೇಳಲಿ. ಬೇರೆಯವರು ಉಪ್ಪಿಟ್ಟು ಮಾಡಿದವರಿಗೆ, ಚಪ್ಪಲಿ ಹೊಲಿದು ಕೊಟ್ಟವನಿಗೆ, ಇಲ್ಲವೆ ತನ್ನ ಮೊಣಕಾಲಿಗೇ ಹೇಳಲಿ ಎಂದೆ. ಮೊಣಕಾಲಿಗೆ ಹೇಳುವವರ ಸಂಖ್ಯೆಯೇ ಈಗ ಹೆಚ್ಚಾಗಿದೆ.

ಇದರಿಂದ ಫಲವೇನು? ಅತಿಶಯೋಕ್ತಿ ಬೇಡ. ೨೦೦೩ರಲ್ಲಿ ಎಮನ್ಸ್ ಮತ್ತು ಮೆಕಲಾ ಎಂಬ ವಿದ್ವಾಂಸರು, ವಾರಕ್ಕೊಮ್ಮೆ ಉಪಕಾರಗಳನ್ನು ಬರೆದಿಟ್ಟವರು ತೊಂದರೆಗಳನ್ನು ಬರೆದಿಟ್ಟವರಿಗಿಂತ ಹೆಚ್ಚು ನೆಮ್ಮದಿಯನ್ನು ವರದಿ ಮಾಡಿದರೆಂದು ತೋರಿಸಿದರು. ಅನಂತರ ನಡೆದ ಅನೇಕ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದವರು ಫಲವು ಸಾಧಾರಣವೆಂದಿದ್ದಾರೆ. ಆದರೆ ಮಾರ್ಚ್ ತಿಂಗಳ ಎಸ್.ಎಸ್.ಸಿ. ಪರೀಕ್ಷೆಯ ಕೊಠಡಿಯಲ್ಲಿ ಪ್ರಶ್ನಪತ್ರಿಕೆ ಕೈಗೆ ಬಂದ ಕ್ಷಣದಲ್ಲಿ ಇದು ಉಪಯೋಗಕ್ಕೆ ಬರುವುದನ್ನು ಕಂಡಿದ್ದೇನೆ. ಭಯವೆಂಬುದು ನಾಳೆಯದು, ಫಲಿತಾಂಶದ ದಿನದ್ದು. ಪಾದದ ಕೆಳಗಿನ ನೆಲ ಈ ಕ್ಷಣದ್ದು. ಗಮನವು ಎರಡೂ ಕಡೆ ಒಂದೇ ಬಾರಿಗೆ ಪೂರ್ತಿಯಾಗಿ ನಿಲ್ಲಲಾರದು. ಉಸಿರನ್ನು ನಿಧಾನವಾಗಿ ಬಿಡುವಾಗ ಹೃದಯದ ಬಡಿತವೂ ತುಸು ನಿಧಾನಿಸುತ್ತದೆ. ನಾಡಿ ಹಿಡಿದು ನೀವೇ ಪರೀಕ್ಷಿಸಬಹುದು, ಎಳೆಯರಲ್ಲಿ ಇದು ಹೆಚ್ಚು ಸ್ಪಷ್ಟ.

ಎಚ್ಚರದ ಮಾತುಗಳೂ ಇವೆ. ಮೈಯನ್ನು ಗಮನಿಸುವುದೆಂದರೆ ರೋಗವನ್ನು ಹುಡುಕುವುದಲ್ಲ. ನಮ್ಮ ತರಗತಿಯಲ್ಲಿ ಒಬ್ಬನಿಗೆ ಎದೆಬಡಿತವನ್ನು ಗಮನಿಸಿದಷ್ಟೂ ಗಾಬರಿ ಹೆಚ್ಚುತ್ತಿತ್ತು. ಅವನು ಈಗ ಕಣ್ಣು ತೆರೆದು, ಕಿಟಕಿ, ಸೀಮೆಸುಣ್ಣ, ಕಾಗೆಯ ಕೂಗು ಎಂದು ಹೊರಗಿನವನ್ನೇ ಹೆಸರಿಸುತ್ತಾನೆ, ಅದರಿಂದಲೇ ಅವನಿಗೆ ಸಮಾಧಾನ. ಇನ್ನೊಂದು ಸಂಗತಿಯನ್ನು ನಾನು ನಾಚಿಕೆಯಿಂದಲೇ ಹೇಳಬೇಕು. ‘ಹೊಟ್ಟೆ ಚುರುಗುಟ್ಟುತ್ತದೆ’ ಎಂದು ಒಬ್ಬಳು ನಾಲ್ಕು ದಿನ ಸತತವಾಗಿ ಬರೆದಾಗ, ಪದವನ್ನು ಸರಿಯಾಗಿ ಬಳಸಿದಳೆಂದು ನಾನು ಮೆಚ್ಚುಗೆಯ ಗುರುತು ಹಾಕಿದ್ದೆ. ಅವಳು ಬೆಳಿಗ್ಗೆ ಏನೂ ತಿನ್ನದೆ ಬರುತ್ತಿದ್ದಳೆಂಬುದು ಐದನೆಯ ದಿನ ತಿಳಿಯಿತು. ಹಸಿವಿಗೆ ಉತ್ತರ ಕೃತಜ್ಞತೆಯಲ್ಲ, ಅನ್ನ. ಈಗ ನನ್ನ ಕಪಾಟಿನಲ್ಲಿ ಅವಲಕ್ಕಿಯ ಡಬ್ಬಿಯೊಂದು ಇದೆ. ಯಾರೂ ಕೇಳದೆ ತೆಗೆದುಕೊಳ್ಳಬಹುದು. ಹಾಗೆಯೇ ನೋವಿದ್ದವನು ಅದನ್ನು ಹಿತವೆಂದು ನಟಿಸಬೇಕಾಗಿಲ್ಲ. ಎಲ್ಲಿ, ಎಂತಹದು, ಯಾವಾಗಿನಿಂದ, ಎಲ್ಲಿಗೆ ಸರಿಯಿತು ಎಂಬ ನಾಲ್ಕನ್ನು ಹಿರಿಯರಿಗೆ ಹೇಳಬೇಕು. ಯಾರಾದರೂ ನಿಮ್ಮನ್ನು ಮುಟ್ಟಿದ್ದು ನಿಮಗೆ ಅಹಿತವೆನಿಸಿದರೆ ಅದನ್ನೂ ಹಾಗೆಯೇ, ಅಂಜದೆ, ಹೇಳಬೇಕು.

ವರ್ಷದ ಪುಸ್ತಕಗಳಿಂದ ಕೆಲವು ಸಾಲುಗಳನ್ನು, ಬರೆದವರನ್ನು ಕೇಳಿಯೇ, ಇಲ್ಲಿ ಕೊಡುತ್ತೇನೆ. ‘ರೈಲಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು, ಕೆನ್ನೆಗೆ ಗಾಳಿ ತಣ್ಣಗೆ; ಎದ್ದು ಜಾಗ ಕೊಟ್ಟ ಆಂಟಿಗೆ.’ ‘ಗಂಜಿ ನುಂಗಿದಾಗ ಬಿಸಿ ಎದೆಯೊಳಗೆ ಗೆರೆ ಎಳೆದ ಹಾಗೆ ಇಳಿಯಿತು, ಅಮ್ಮನಿಗೆ.’ ‘ಜ್ವರ ಬಿಟ್ಟ ಮೇಲೆ ಮೈ ಹಗುರ. ಹಗುರ ಎನ್ನುವುದು ಮೊದಲೂ ಇತ್ತು, ನನಗೆ ಗೊತ್ತಿರಲಿಲ್ಲ.’ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸದಲ್ಲಿರುವ ತಂದೆಯ ಮಗಳು ಬರೆದದ್ದು: ‘ಅಪ್ಪ ರಾತ್ರಿ ಹಣೆ ಮುಟ್ಟಿ ನೋಡಿದರು. ಅಂಗೈ ದೊರಗು. ದೊರಗು ಎಂಬ ಪದ ಅಜ್ಜಿ ಫೋನಿನಲ್ಲಿ ಹೇಳಿಕೊಟ್ಟರು.’ ಓಮದ ನೀರು ಕುಡಿದ ನಮ್ಮ ಹುಡುಗನ ಪುಸ್ತಕದಲ್ಲಿ ಒಂದು ದಿನ ಹೀಗಿತ್ತು: ‘ಹೊಲಿಗೆಯ ಗುರುತು ಮಳೆ ಬಂದರೆ ತುರಿಸುತ್ತದೆ. ಉರಿಯಲ್ಲ, ಸೆಳೆತವಲ್ಲ, ತುರಿಕೆ ಮಾತ್ರ.’

ತರಗತಿಯ ಗೋಡೆಯ ಮೇಲೆ ಪದಗಳ ಪಟ್ಟಿಯೊಂದನ್ನು ತೂಗುಹಾಕಿದ್ದೇವೆ. ಈಗ ಅದರಲ್ಲಿ ನೂರನಲವತ್ತಕ್ಕೂ ಮೇಲ್ಪಟ್ಟು ಪದಗಳಿವೆ. ತುಳು, ಕೊಂಕಣಿ, ಧಾರವಾಡದ ಕಡೆಯ ಮಾತು, ಎಲ್ಲಕ್ಕೂ ಅಲ್ಲಿ ಜಾಗವಿದೆ. ನಿಮ್ಮ ಮನೆಯ ಹಿರಿಯರನ್ನು ಕೇಳಿ ಹೊಸದನ್ನು ತಂದರೆ ಹೆಸರು ಸಹಿತ ಬರೆದುಕೊಳ್ಳುತ್ತೇವೆ. ಸದ್ಯಕ್ಕೆ ಒಂದು ಜಗಳ ತೀರ್ಮಾನವಾಗದೆ ಉಳಿದಿದೆ: ಹುಳಿ ಮಾವಿನಕಾಯಿ ಕಚ್ಚಿದಾಗ ಹಲ್ಲಿಗೆ ಆಗುತ್ತದಲ್ಲ, ಅದು ‘ಜುಮ್ಮೆನ್ನುವುದು’ ಎಂದು ಒಂದು ಬೆಂಚು, ‘ಚುಳ್ಳೆನ್ನುವುದು’ ಎಂದು ಇನ್ನೊಂದು ಬೆಂಚು. ಏಪ್ರಿಲಿನಲ್ಲಿ ಮಾವಿನಕಾಯಿ ತಂದು, ಉಪ್ಪುಕಾರ ಹಚ್ಚದೆ, ಪರೀಕ್ಷಿಸುವುದೆಂದು ನಿಶ್ಚಯವಾಗಿದೆ.